ಇಪ್ಪತ್ತಾರು ಅಂಕಿಗಳ ಒಂದು ಸಂಖ್ಯೆ

೧೯೮೦ನೆಯ ಇಸವಿ ಜೂನ್ ತಿಂಗಳ ೧೮ರಂದು ಲಂಡನ್ ನಗರದ ಇಂಪೀರಿಯಲ್ ಕಾಲೇಜಿನಲ್ಲಿ, ಬೆಂಗಳೂರಿನವರಾದ ಶಕುಂತಲಾದೇವಿಯವರ ಮುಂದೆ ಎರಡು ಸಂಖ್ಯೆಗಳನ್ನು ಇಡಲಾಯಿತು. ಒಂದೊಂದರಲ್ಲಿಯೂ ಹದಿಮೂರು ಅಂಕಿಗಳಿದ್ದುವು. ಆ ಕಾಲೇಜಿನ ಗಣಕಯಂತ್ರ ವಿಭಾಗದವರು ಅವನ್ನು ಯಾವ ಕ್ರಮವನ್ನೂ ಅನುಸರಿಸದೆ ಆರಿಸಿದ್ದರು. ಒಂದನ್ನು ಇನ್ನೊಂದರಿಂದ ಗುಣಿಸಿ ಉತ್ತರ ಹೇಳಬೇಕಾಗಿತ್ತು, ಕಾಗದವಿಲ್ಲ, ಲೇಖನಿಯಿಲ್ಲ. ಸಂಖ್ಯೆಗಳು ಇವು:

೭,೬೮೬,೩೬೯,೭೭೪,೮೭೦
೨,೪೬೫,೦೯೯,೭೪೫,೭೭೯

ಇಪ್ಪತ್ತೆಂಟು ಸೆಕೆಂಡುಗಳಲ್ಲಿ ಉತ್ತರ ಬಂದಿತು:

೧೮,೯೪೭,೬೬೮,೧೭೭,೯೯೫,೪೨೬,೪೬೨,೭೭೩,೭೩೦

ಗಿನ್ನೆಸ್ ದಾಖಲೆಗಳ ಪುಸ್ತಕದ ೧೯೮೨ರ ಆವೃತ್ತಿಯಲ್ಲಿ ಈ ಸಾಧನೆ ಅಚ್ಚಾಯಿತು. ೧೯೨೯ರಲ್ಲಿ ಹುಟ್ಟಿ ೨೦೧೩ರಲ್ಲಿ ತೀರಿಕೊಂಡ ಆ ಮಹನೀಯೆಯ ಶಕ್ತಿಯ ಬಗ್ಗೆ ಹೇಳಬೇಕಾದುದು ಬಹಳವಿದೆ. ಆದರೆ ಈ ಲೇಖನದಲ್ಲಿ ನಮ್ಮ ಗಮನ ಆಕೆಯ ಮೇಲಲ್ಲ, ಆಕೆ ಹೇಳಿದ ಸಂಖ್ಯೆಯ ಮೇಲೆ. ಆ ಉತ್ತರ ಸರಿಯೆಂದು ನಮಗೆ ಹೇಗೆ ಗೊತ್ತು? ಪುಸ್ತಕದಲ್ಲಿದೆಯೆಂದು ನಂಬಬಹುದು. ಆದರೆ ಅಚ್ಚಿನ ಮೊಳೆ ಜೋಡಿಸುವವರ ಕೈಯೂ ತಪ್ಪುವುದುಂಟು. ಇಪ್ಪತ್ತಾರು ಅಂಕಿಗಳಲ್ಲಿ ಒಂದು ಪಲ್ಲಟವಾದರೆ ಯಾರ ಕಣ್ಣಿಗೂ ಬೀಳದು. ವಿದ್ಯಾರ್ಥಿಗಳ ಕೈಯಲ್ಲಿರುವ ಹತ್ತು ಅಂಕಿಗಳ ಕ್ಯಾಲ್ಕುಲೇಟರನ್ನು ಕೇಳಿದರೆ ಅದು ೧.೮೯೪೭೬೬೮೧೮ ಎಂದು ತೋರಿಸಿ, ಇದನ್ನು ಹತ್ತರ ೨೫ನೆಯ ಘಾತದಿಂದ ಗುಣಿಸಿಕೊಳ್ಳಿ ಎಂದು ಹೇಳಿ ಸುಮ್ಮನಾಗುತ್ತದೆ. ಉಳಿದ ಹದಿನಾರು ಅಂಕಿಗಳ ವಿಷಯದಲ್ಲಿ ಅದು ಮೌನಿ. ಆದುದರಿಂದ ಕಾಗದ, ಸೀಸದಕಡ್ಡಿ, ಮಗ್ಗಿ, ಇಷ್ಟನ್ನೇ ನೆಚ್ಚಿಕೊಂಡು ಈ ಸಂಖ್ಯೆಯನ್ನು ನಾವೇ ವಿಚಾರಿಸಿ ನೋಡೋಣ.

ಎಷ್ಟು ದೊಡ್ಡದು?

ಮೊದಲು ಇದನ್ನು ನಮ್ಮ ಕೋಟಿಯ ಲೆಕ್ಕದಲ್ಲಿ ಓದಲು ಯತ್ನಿಸೋಣ. ಬಲಗಡೆಯಿಂದ ಏಳೇಳು ಅಂಕಿಗಳನ್ನು ಕತ್ತರಿಸುತ್ತ ಹೋದರೆ ೧೮೯೪೭, ೬೬೮೧೭೭೯, ೯೫೪೨೬೪೬, ೨೭೭೩೭೩೦ ಎಂಬ ನಾಲ್ಕು ತುಂಡುಗಳಾಗುತ್ತವೆ. ಮೊದಲನೆಯ ತುಂಡು ಕೋಟಿಯ ಕೋಟಿಯ ಕೋಟಿಗಳನ್ನು ಎಣಿಸುತ್ತದೆ. ಅಂದರೆ ಇದು ಹದಿನೆಂಟು ಸಾವಿರದ ಒಂಬೈನೂರ ನಲವತ್ತೇಳು ಕೋಟಿ ಕೋಟಿ ಕೋಟಿಗೂ ಮೀರಿದ ಸಂಖ್ಯೆ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕನ್ನಡನಾಡಿನಲ್ಲಿ ಬಾಳಿದ ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತ ಎಂದು ಆರಂಭಿಸಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಕೊನೆಯದು ‘ಮಹಾಕ್ಷೋಭ’; ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ. ನಮ್ಮ ಸಂಖ್ಯೆ ಆ ಪಟ್ಟಿಯನ್ನೂ ಎರಡು ಸ್ಥಾನಗಳಷ್ಟು ದಾಟಿ ನಿಂತಿದೆ. ಆಚಾರ್ಯನ ಭಾಷೆಯಲ್ಲಿ ಇದು ೧೮೯ ಮಹಾಕ್ಷೋಭಗಳಿಗಿಂತ ಅಧಿಕ.

ಸೆಕೆಂಡಿಗೆ ಒಂದರಂತೆ ಎಣಿಸತೊಡಗಿದರೆ ಎಷ್ಟು ಕಾಲ ಬೇಕು? ವಿಶ್ವದ ವಯಸ್ಸು ಸುಮಾರು ೧,೩೮೦ ಕೋಟಿ ವರ್ಷಗಳೆಂದು ಇಂದಿನ ಅಂದಾಜು. ಅಂತಹ ನಾಲ್ಕು ಕೋಟಿಗೂ ಹೆಚ್ಚು ಆಯುಷ್ಯಗಳು ಕಳೆದರೆ ಎಣಿಕೆ ಮುಗಿಯುತ್ತದೆ! ಆದರೆ ಇಷ್ಟು ದೊಡ್ಡ ಸಂಖ್ಯೆ ನಮ್ಮ ಅಡಿಗೆಮನೆಯಲ್ಲಿಯೇ ಇದೆಯೆಂದರೆ ನಂಬುವಿರಾ? ಹದಿನೆಂಟು ಗ್ರಾಂ ನೀರಿನಲ್ಲಿ ಸುಮಾರು ಆರು ಮಹಾಕ್ಷೋಭ ಅಣುಗಳಿರುತ್ತವೆ. ಇದು ರಸಾಯನಶಾಸ್ತ್ರದಲ್ಲಿ ಅವೊಗಾಡ್ರೋ ಸಂಖ್ಯೆಯೆಂದು ಪ್ರಸಿದ್ಧವಾದುದು. ಈ ಲೆಕ್ಕದಂತೆ ಶಕುಂತಲಾದೇವಿಯವರ ಉತ್ತರದಷ್ಟು ಅಣುಗಳು ಸುಮಾರು ೫೭೦ ಗ್ರಾಂ ನೀರಿನಲ್ಲಿವೆ. ಮಂಗಳೂರಿನ ಯಾವುದಾದರೊಂದು ಮನೆಯ ಬಾವಿಯಿಂದ ನೀರು ಸೇದಿ ಒಂದು ಸಣ್ಣ ಚೆಂಬಿಗೆ ತುಂಬಿದರೆ ಸಾಕು, ಈ ಸಂಖ್ಯೆ ನಮ್ಮ ಕೈಯಲ್ಲಿರುತ್ತದೆ.

ತಲೆ ಮತ್ತು ಬಾಲ

ಇನ್ನು ತಾಳೆ ನೋಡುವ ಕೆಲಸ. ಹದಿಮೂರು ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧದಲ್ಲಿ ಇಪ್ಪತ್ತೈದು ಅಥವಾ ಇಪ್ಪತ್ತಾರು ಅಂಕಿಗಳು ಇರಲೇಬೇಕು. ಎರಡರಲ್ಲಿ ಯಾವುದು? ಮೊದಲ ಅಂಕಿಗಳನ್ನು ನೋಡಿದರೆ ತಿಳಿಯುತ್ತದೆ. ೭.೬೮೬ನ್ನು ೨.೪೬೫ರಿಂದ ಗುಣಿಸಿದರೆ ಸುಮಾರು ೧೮.೯೪೬ ಬರುತ್ತದೆ. ಇದು ಹತ್ತಕ್ಕಿಂತ ಹೆಚ್ಚಾದುದರಿಂದ ಅಂಕಿಗಳು ಇಪ್ಪತ್ತಾರೇ ಆಗಬೇಕು. ಮೊದಲ ನಾಲ್ಕು ಅಂಕಿಗಳು ೧೮೯೪ ಎಂಬುದೂ ಸ್ಥಿರವಾಯಿತು. ಬಾಲದ ಪರೀಕ್ಷೆ ಇನ್ನೂ ಸುಲಭ. ಕೊನೆಯ ಮೂರಂಕಿಗಳನ್ನು ಮಾತ್ರ ಗುಣಿಸಿದರೆ, ೮೭೦ × ೭೭೯ = ೬೭೭,೭೩೦. ಉತ್ತರದ ಕೊನೆಯಲ್ಲಿ ೭೩೦ ಇರಬೇಕು, ಇದೆ.

ತಲೆ ಸರಿ, ಬಾಲ ಸರಿ. ಆದರೆ ನಡುವಿನ ಹತ್ತೊಂಬತ್ತು ಅಂಕಿಗಳ ಪಾಡೇನು?

ಒಂಬತ್ತರ ಪರೀಕ್ಷೆ

ಇದಕ್ಕೆ ನಮ್ಮ ಪೂರ್ವಿಕರು ಬಳಸಿದ ಉಪಾಯವೊಂದುಂಟು. ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲಿ ಇದು ಬಂದಿದೆ. ಹತ್ತು ಎಂದರೆ ಒಂಬತ್ತು ಮತ್ತು ಒಂದು. ನೂರು ಎಂದರೆ ತೊಂಬತ್ತೊಂಬತ್ತು ಮತ್ತು ಒಂದು. ಆದುದರಿಂದ ೪೬೭ ಎಂಬ ಸಂಖ್ಯೆಯಲ್ಲಿ ನಾಲ್ಕು ತೊಂಬತ್ತೊಂಬತ್ತುಗಳೂ ಆರು ಒಂಬತ್ತುಗಳೂ ಅಡಗಿವೆ. ಅವನ್ನು ತೆಗೆದರೆ ಉಳಿಯುವುದು ೪ + ೬ + ೭, ಅಂದರೆ ೧೭. ಅದರಿಂದಲೂ ಒಂಬತ್ತನ್ನು ತೆಗೆದರೆ ೮. ಯಾವ ಸಂಖ್ಯೆಯನ್ನೇ ಆಗಲಿ ಒಂಬತ್ತರಿಂದ ಭಾಗಿಸಿದಾಗ ಬರುವ ಶೇಷವನ್ನು ಹೀಗೆ ಅಂಕಿಗಳನ್ನು ಕೂಡಿಯೇ ತಿಳಿಯಬಹುದು. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಶೇಷಗಳೂ ಗುಣಿಸಲ್ಪಡುತ್ತವೆ ಎಂಬುದೇ ಈ ಪರೀಕ್ಷೆಯ ಮರ್ಮ.

ಮೊದಲ ಸಂಖ್ಯೆಯ ಅಂಕಿಗಳ ಮೊತ್ತ ೭೮; ೭ + ೮ = ೧೫; ೧ + ೫ = ೬. ಎರಡನೆಯದರ ಮೊತ್ತ ೭೪; ೭ + ೪ = ೧೧; ೧ + ೧ = ೨. ಆರೆರಡಲ ಹನ್ನೆರಡು, ಒಂದೂ ಎರಡೂ ಮೂರು. ಉತ್ತರದ ಶೇಷವೂ ಮೂರಾಗಬೇಕು. ಅದರ ಇಪ್ಪತ್ತಾರು ಅಂಕಿಗಳನ್ನು ಕೂಡಿದರೆ ೧೩೮; ೧ + ೩ + ೮ = ೧೨; ೧ + ೨ = ೩. ತಾಳೆಯಾಯಿತು.

ಹಾಗಾದರೆ ಉತ್ತರ ಸರಿಯೇ? ಇಲ್ಲಿ ಎಚ್ಚರಿಕೆ ಬೇಕು. ನಾವು ಒಮ್ಮೆ ತರಗತಿಯಲ್ಲಿ ಈ ಸಂಖ್ಯೆಯನ್ನು ಕಪ್ಪು ಹಲಗೆಯ ಮೇಲೆ ಬರೆಯುವಾಗ ಕೊನೆಯ ಭಾಗದ ‘೭೭೩’ ಎಂಬುದನ್ನು ‘೭೩೭’ ಎಂದು ಬರೆದುಬಿಟ್ಟೆವು. ಒಂಬತ್ತರ ಪರೀಕ್ಷೆಯನ್ನು ವಿದ್ಯಾರ್ಥಿಗಳೆಲ್ಲರೂ ಮಾಡಿದರು, ಎಲ್ಲರಿಗೂ ತಾಳೆಯಾಯಿತು, ನಾವೂ ತೃಪ್ತರಾದೆವು. ತಪ್ಪು ಹೊರಬಿದ್ದುದು ಮುಂದಿನ ಪರೀಕ್ಷೆಯಲ್ಲಿ. ಅಂಕಿಗಳ ಸ್ಥಾನ ಬದಲಾದರೂ ಅವುಗಳ ಮೊತ್ತ ಬದಲಾಗುವುದಿಲ್ಲವಷ್ಟೆ; ಒಂಬತ್ತರ ಪರೀಕ್ಷೆ ಮೊತ್ತವನ್ನು ಮಾತ್ರ ಬಲ್ಲುದು, ಕ್ರಮವನ್ನು ಅರಿಯದು. ಮಂಗಳೂರಿನ ಬಂದರಿನ ಸಗಟು ಅಂಗಡಿಗಳಲ್ಲಿ ಲೆಕ್ಕ ಬರೆಯುವವರಿಗೆ ಇದೇ ಗುಣ ಬೇರೊಂದು ರೀತಿಯಲ್ಲಿ ಉಪಕಾರಿ. ಜಮೆ-ಖರ್ಚು ಹೊಂದದೆ ವ್ಯತ್ಯಾಸ ಒಂಬತ್ತರ ಅಪವರ್ತ್ಯವಾಗಿ ಬಂದರೆ, ಎಲ್ಲಿಯೋ ಎರಡು ಅಂಕಿಗಳು ಹಿಂದುಮುಂದಾಗಿರಬಹುದೆಂದು ಅವರು ಮೊದಲು ಶಂಕಿಸಬೇಕು. ೪,೭೩೦ ರೂಪಾಯಿಯನ್ನು ೪,೩೭೦ ಎಂದು ಬರೆದರೆ ವ್ಯತ್ಯಾಸ ೩೬೦. ಒಂಬತ್ತರ ನಲವತ್ತು ಪಟ್ಟು.

ಹನ್ನೊಂದರ ಪರೀಕ್ಷೆ

ಕ್ರಮವನ್ನು ಗಮನಿಸುವ ಪರೀಕ್ಷೆಯೂ ಇದೆ. ಹತ್ತು ಎಂದರೆ ಹನ್ನೊಂದಕ್ಕೆ ಒಂದು ಕಡಿಮೆ. ನೂರು ಎಂದರೆ ತೊಂಬತ್ತೊಂಬತ್ತಕ್ಕೆ ಒಂದು ಹೆಚ್ಚು. ಸಾವಿರವೆಂದರೆ ೧,೦೦೧ಕ್ಕೆ ಒಂದು ಕಡಿಮೆ. ತೊಂಬತ್ತೊಂಬತ್ತೂ ಸಾವಿರದ ಒಂದೂ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಆದುದರಿಂದ ಬಲಗಡೆಯಿಂದ ಎಣಿಸಿ, ಬೆಸಸ್ಥಾನಗಳ ಅಂಕಿಗಳ ಮೊತ್ತದಿಂದ ಸಮಸ್ಥಾನಗಳ ಅಂಕಿಗಳ ಮೊತ್ತವನ್ನು ಕಳೆದರೆ ಹನ್ನೊಂದರ ಶೇಷ ದೊರೆಯುತ್ತದೆ.

ಮೊದಲ ಸಂಖ್ಯೆಯಲ್ಲಿ ಬೆಸಸ್ಥಾನಗಳ ಮೊತ್ತ ೪೨, ಸಮಸ್ಥಾನಗಳ ಮೊತ್ತ ೩೬; ಶೇಷ ೬. ಎರಡನೆಯದರಲ್ಲಿ ಎರಡು ಮೊತ್ತಗಳೂ ೩೭, ಶೇಷ ಸೊನ್ನೆ. ಅಂದರೆ ಎರಡನೆಯ ಸಂಖ್ಯೆ ಹನ್ನೊಂದರಿಂದ ಭಾಗವಾಗುತ್ತದೆ. ಆದಕಾರಣ ಉತ್ತರವೂ ಭಾಗವಾಗಲೇಬೇಕು. ಇಪ್ಪತ್ತಾರು ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ ನೋಡಿ. ಬೆಸಸ್ಥಾನಗಳ ಮೊತ್ತ ೬೯. ಸಮಸ್ಥಾನಗಳ ಮೊತ್ತವೂ ೬೯! ತಕ್ಕಡಿಯ ಎರಡು ತಟ್ಟೆಗಳೂ ಸರಿಸಮನಾಗಿ ನಿಂತುವು. ನಾವು ಹಲಗೆಯ ಮೇಲೆ ಬರೆದ ತಪ್ಪು ಸಂಖ್ಯೆಯಲ್ಲಾದರೋ ಈ ಮೊತ್ತಗಳು ೬೫ ಮತ್ತು ೭೩ ಆಗುತ್ತವೆ; ಕಳ್ಳ ಸಿಕ್ಕಿಬಿದ್ದ.

ಸಾವಿರದ ಒಂದರ ಪರೀಕ್ಷೆ

ಆದರೆ ಈ ಎರಡು ಪರೀಕ್ಷೆಗಳಿಗೂ ಮಣ್ಣೆರಚುವ ತಪ್ಪುಗಳುಂಟು. ಉತ್ತರದ ನಡುವೆ ಇರುವ ‘೪೨೬’ನ್ನು ‘೬೨೪’ ಎಂದು ಬರೆದೆವೆನ್ನಿ. ಅಂಕಿಗಳು ಅವೇ ಆದುದರಿಂದ ಒಂಬತ್ತರ ಪರೀಕ್ಷೆಗೆ ತಿಳಿಯದು. ೪ ಮತ್ತು ೬ ಎರಡೂ ಸಮಸ್ಥಾನಗಳಲ್ಲಿಯೇ ಅದಲುಬದಲಾದುದರಿಂದ ಹನ್ನೊಂದರ ಪರೀಕ್ಷೆಗೂ ತಿಳಿಯದು.

ಇಲ್ಲಿ ಮೂರನೆಯ ಜರಡಿ ಬೇಕು. ೭ × ೧೧ × ೧೩ = ೧,೦೦೧. ಸಾವಿರವು ಇದಕ್ಕೆ ಒಂದು ಕಡಿಮೆ. ಆದುದರಿಂದ ಒಂದೊಂದೇ ಅಂಕಿಗೆ ಬದಲಾಗಿ ಮೂರು ಮೂರು ಅಂಕಿಗಳ ಗುಂಪುಗಳನ್ನು ಅದೇ ರೀತಿ ಒಮ್ಮೆ ಕೂಡಿ ಒಮ್ಮೆ ಕಳೆಯಬಹುದು. ಮೊದಲ ಸಂಖ್ಯೆಯಲ್ಲಿ ೮೭೦ + ೩೬೯ + ೭ = ೧,೨೪೬; ೭೭೪ + ೬೮೬ = ೧,೪೬೦; ವ್ಯತ್ಯಾಸ ಋಣ ೨೧೪. ಎರಡನೆಯದರಲ್ಲಿ ೭೭೯ + ೯೯ + ೨ = ೮೮೦; ೭೪೫ + ೪೬೫ = ೧,೨೧೦; ವ್ಯತ್ಯಾಸ ಋಣ ೩೩೦. ಎರಡು ಋಣಗಳ ಗುಣಲಬ್ಧ ಧನವಷ್ಟೆ: ೨೧೪ × ೩೩೦ = ೭೦,೬೨೦. ಇದರಿಂದ ೧,೦೦೧ನ್ನು ಎಪ್ಪತ್ತು ಸಲ ಕಳೆದರೆ ಉಳಿಯುವುದು ೫೫೦.

ಉತ್ತರದಲ್ಲಿ ಬೆಸಗುಂಪುಗಳು ೭೩೦, ೪೬೨, ೯೯೫, ೬೬೮, ೧೮, ಮೊತ್ತ ೨,೮೭೩. ಸಮಗುಂಪುಗಳು ೭೭೩, ೪೨೬, ೧೭೭, ೯೪೭, ಮೊತ್ತ ೨,೩೨೩. ವ್ಯತ್ಯಾಸ ನಿಖರವಾಗಿ ೫೫೦. ‘೬೨೪’ ಎಂದು ಬರೆದಿದ್ದರೆ ೩೫೨ ಬರುತ್ತಿತ್ತು.

ಒಂಬತ್ತನ್ನೂ ಸಾವಿರದ ಒಂದನ್ನೂ ಗುಣಿಸಿದರೆ ೯,೦೦೯. ಕಣ್ಣುಮುಚ್ಚಿ ಬರೆದ ಯಾವುದೋ ಒಂದು ಸಂಖ್ಯೆ ಈ ಎಲ್ಲ ಪರೀಕ್ಷೆಗಳಲ್ಲಿಯೂ ಅಕಸ್ಮಾತ್ತಾಗಿ ತೇರ್ಗಡೆಯಾಗುವ ಸಂಭವ ಸುಮಾರು ಒಂಬತ್ತು ಸಾವಿರದಲ್ಲಿ ಒಂದು ಮಾತ್ರ.

ತೇರ್ಗಡೆಯಾದ ಸುಳ್ಳು

ಸಂಭವ ಕಡಿಮೆಯೆಂದ ಮಾತ್ರಕ್ಕೆ ಅಸಂಭವವಲ್ಲ. ಈ ಕೆಳಗಿನ ಸಂಖ್ಯೆಯನ್ನು ನೋಡಿ:

೧೮,೯೪೭,೬೬೮,೧೭೭,೯೯೫,೭೭೩,೪೬೨,೪೨೬,೭೩೦

ಇದರ ತಲೆ ಸರಿ, ಬಾಲ ಸರಿ. ಒಂಬತ್ತರ ಪರೀಕ್ಷೆ ಸರಿ, ಹನ್ನೊಂದರದು ಸರಿ, ಸಾವಿರದ ಒಂದರದೂ ಸರಿ. ಆದರೂ ಇದು ತಪ್ಪು ಉತ್ತರ! ೭೭೩ ಮತ್ತು ೪೨೬ ಎಂಬ ಎರಡು ಗುಂಪುಗಳನ್ನು ಪರಸ್ಪರ ಬದಲಿಸಿ ನಾವು ಬೇಕೆಂದೇ ರಚಿಸಿದ ಮೋಸ ಇದು. ಎರಡೂ ಸಮಗುಂಪುಗಳಾದುದರಿಂದ ಯಾವ ಪರೀಕ್ಷೆಗೂ ಗುಟ್ಟು ಸಿಗಲಿಲ್ಲ. ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಮನಗಾಣಬೇಕು. ಪರೀಕ್ಷೆಯಲ್ಲಿ ಸೋತ ಉತ್ತರ ಖಂಡಿತವಾಗಿಯೂ ತಪ್ಪು. ಗೆದ್ದ ಉತ್ತರ ಖಂಡಿತವಾಗಿಯೂ ಸರಿಯೆಂದು ಹೇಳುವಂತಿಲ್ಲ. ಭೌತಶಾಸ್ತ್ರದ ಸಿದ್ಧಾಂತಗಳ ಮಾತೂ ಹೀಗೆಯೇ. ಪ್ರಯೋಗವೊಂದು ಸಿದ್ಧಾಂತವನ್ನು ಉರುಳಿಸಬಲ್ಲುದು. ನೂರು ಪ್ರಯೋಗಗಳಲ್ಲಿ ಗೆದ್ದ ಸಿದ್ಧಾಂತವೂ ನೂರ ಒಂದನೆಯದಕ್ಕೆ ಸಿದ್ಧವಾಗಿಯೇ ಇರಬೇಕು.

ಗಣಿತದಲ್ಲಾದರೋ ನಮಗೆ ಒಂದು ಸೌಕರ್ಯವಿದೆ: ಪೂರ್ತಿ ಗುಣಿಸಿಯೇ ನೋಡಬಹುದು. ಮೂರು ಅಂಕಿಗಳ ಗುಂಪನ್ನೇ ಒಂದು ಅಂಕಿಯೆಂದು ಭಾವಿಸಿದರೆ ಎರಡೂ ಕಡೆ ಐದೈದು ಗುಂಪುಗಳು. ಒಟ್ಟು ಇಪ್ಪತ್ತೈದು ಸಣ್ಣ ಗುಣಾಕಾರಗಳು. ಒಂದು ಹಾಳೆ ಕಾಗದ ಸಾಕು.

ಮೊದಲ ಹೆಜ್ಜೆ: ೮೭೦ × ೭೭೯ = ೬೭೭,೭೩೦. ೭೩೦ನ್ನು ಬರೆದು ೬೭೭ನ್ನು ಕೈಯಲ್ಲಿಡೋಣ. ಎರಡನೆಯ ಹೆಜ್ಜೆ: ೮೭೦ × ೭೪೫ = ೬೪೮,೧೫೦; ೭೭೪ × ೭೭೯ = ೬೦೨,೯೪೬; ಎರಡನ್ನೂ ಕೂಡಿ ಕೈಯಲ್ಲಿದ್ದ ೬೭೭ನ್ನು ಸೇರಿಸಿದರೆ ೧,೨೫೧,೭೭೩. ಬರೆಯಬೇಕಾದುದು ೭೭೩, ಕೈಯಲ್ಲಿ ೧,೨೫೧. ನಮ್ಮ ಮೋಸದ ಸಂಖ್ಯೆಯಲ್ಲಿ ಈ ಸ್ಥಾನದಲ್ಲಿ ೪೨೬ ಇತ್ತಷ್ಟೆ. ಎರಡನೆಯ ಹೆಜ್ಜೆಯಲ್ಲಿಯೇ ಅದರ ಬಣ್ಣ ಬಯಲಾಯಿತು. ಮೂರನೆಯ ಹೆಜ್ಜೆ: ೮೭೦ × ೯೯, ೭೭೪ × ೭೪೫, ೩೬೯ × ೭೭೯, ಈ ಮೂರರ ಮೊತ್ತ ೯೫೦,೨೧೧; ಕೈಯಲ್ಲಿದ್ದುದನ್ನು ಸೇರಿಸಿದರೆ ೯೫೧,೪೬೨. ಬರೆಯಬೇಕಾದುದು ೪೬೨. ಹೀಗೆಯೇ ಮುಂದುವರಿದು ಕೊನೆಯ ಹೆಜ್ಜೆಯಲ್ಲಿ ೭ × ೨ = ೧೪ಕ್ಕೆ ಕೈಯಲ್ಲಿರುವ ೪ನ್ನು ಸೇರಿಸಿದರೆ ೧೮. ನಾವು ಒಂಬತ್ತು ಹೆಜ್ಜೆಗಳನ್ನೂ ಮುಗಿಸಿ ನೋಡಿದೆವು. ಶಕುಂತಲಾದೇವಿಯವರು ಹೇಳಿದ ಪ್ರತಿಯೊಂದು ಅಂಕಿಯೂ ಸರಿ. ನಡುವಿನ ಹೆಜ್ಜೆಗಳನ್ನು ವಾಚಕರು ತಾವೇ ಮಾಡಿ ನೋಡಲಿ. ಆ ಕೆಲಸಕ್ಕೆ ತಮಗೆ ಹಿಡಿದ ಹೊತ್ತನ್ನು ಇಪ್ಪತ್ತೆಂಟು ಸೆಕೆಂಡುಗಳೊಡನೆ ಹೋಲಿಸಿದಾಗ ಆ ಸಾಧನೆಯ ಹಿರಿಮೆ ಅರಿವಾಗದಿರದು.

ಸಂಖ್ಯೆಯ ಒಡಲಿನಲ್ಲಿ

ಪರೀಕ್ಷೆಗಳು ನಮಗೆ ಅರಿವಿಲ್ಲದೆಯೇ ಈ ಸಂಖ್ಯೆಯ ಒಳರಚನೆಯನ್ನೂ ತಿಳಿಸಿವೆ. ಕೊನೆಯಲ್ಲಿ ಸೊನ್ನೆಯಿರುವುದರಿಂದ ೨ ಮತ್ತು ೫ ಇದರ ಅಪವರ್ತನಗಳು. ಅಂಕಿಗಳ ಮೊತ್ತ ೧೩೮ ಆದುದರಿಂದ ೩ ಭಾಗಿಸುತ್ತದೆ, ೯ ಭಾಗಿಸದು. ೧೧ ಭಾಗಿಸುತ್ತದೆ. ಹಾಗಾಗಿ ಈ ನಾಲ್ಕರ ಗುಣಲಬ್ಧವಾದ ೩೩೦ ಕೂಡ ನಿಶ್ಶೇಷವಾಗಿ ಭಾಗಿಸುತ್ತದೆ. ಸಾವಿರದ ಒಂದರ ಶೇಷ ೫೫೦. ಅದನ್ನು ೭ ಆಗಲಿ ೧೩ ಆಗಲಿ ಭಾಗಿಸದುದರಿಂದ ನಮ್ಮ ಸಂಖ್ಯೆಯನ್ನೂ ಅವು ಭಾಗಿಸಲಾರವು. ಕೊನೆಯ ಎರಡಂಕಿ ೩೦. ಅದನ್ನು ೪ ಭಾಗಿಸುವುದಿಲ್ಲ. ಎಂದರೆ ಎರಡು ಒಂದೇ ಸಲ ಅಪವರ್ತನವಾಗಿದೆ. ಪೂರ್ಣವರ್ಗದಲ್ಲಿ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ ಜೋಡಿಯಾಗಿರಬೇಕು, ಘನದಲ್ಲಿ ಮೂರರಂತೆ ಇರಬೇಕು. ಆದುದರಿಂದ ಇದು ಯಾವ ಪೂರ್ಣಸಂಖ್ಯೆಯ ವರ್ಗವೂ ಅಲ್ಲ, ಘನವೂ ಅಲ್ಲ, ಇನ್ನಾವ ಘಾತವೂ ಅಲ್ಲ. ಇಪ್ಪತ್ತಾರು ಅಂಕಿಗಳ ಸಂಖ್ಯೆಯ ಮೇಲೆ ಇಷ್ಟು ದೊಡ್ಡ ತೀರ್ಪನ್ನು ಅದರ ಕೊನೆಯ ಎರಡು ಅಂಕಿಗಳನ್ನು ಮಾತ್ರ ನೋಡಿ ಕೊಟ್ಟೆವು!

ಈ ಸಂಖ್ಯೆಯಲ್ಲಿ ೭ ಎಂಬ ಅಂಕಿ ಆರು ಸಲ ಬಂದಿದೆ, ಸೊನ್ನೆ ಒಂದೇ ಸಲ ಬಂದಿದೆ. ಹತ್ತೂ ಅಂಕಿಗಳು ಇದರಲ್ಲಿವೆ. ಇವು ಸ್ವಾರಸ್ಯವಾಗಿ ಕಂಡರೂ ಸಂಖ್ಯೆಯ ಗುಣಗಳಲ್ಲ, ನಾವು ಹತ್ತರ ಆಧಾರದಲ್ಲಿ ಬರೆಯುವ ಪದ್ಧತಿಯ ಫಲ. ಸೊನ್ನೆ ಮತ್ತು ಒಂದು ಮಾತ್ರವಿರುವ ಗಣಕಯಂತ್ರದ ಲಿಪಿಯಲ್ಲಿ ಬರೆದರೆ ಇದಕ್ಕೆ ೮೪ ಅಂಕಿಗಳು ಬೇಕು. ಅಲ್ಲಿ ಏಳೂ ಇಲ್ಲ, ಒಂಬತ್ತೂ ಇಲ್ಲ. ಆದರೆ ಹೇಗೆ ಬರೆದರೂ ಇದು ೩೩೦ರಿಂದ ಭಾಗವಾಗುತ್ತದೆ, ಹೇಗೆ ಬರೆದರೂ ಪೂರ್ಣವರ್ಗವಲ್ಲ. ಉಡುಪನ್ನು ಬದಲಿಸಿದರೂ ಉಳಿಯುವ ಗುಣಗಳು ಇವು.

ಇನ್ನೊಂದು ಪ್ರಶ್ನೆ. ಉತ್ತರವನ್ನು ಮಾತ್ರ ಕೊಟ್ಟರೆ, ಮೊದಲಿನ ಎರಡು ಸಂಖ್ಯೆಗಳನ್ನು ಕಂಡುಹಿಡಿಯಬಹುದೇ? ಆಗದು. ಮೊದಲನೆಯದನ್ನು ಅರ್ಧಮಾಡಿ ಎರಡನೆಯದನ್ನು ಇಮ್ಮಡಿಸಿದರೆ ೩,೮೪೩,೧೮೪,೮೮೭,೪೩೫ ಮತ್ತು ೪,೯೩೦,೧೯೯,೪೯೧,೫೫೮ ದೊರೆಯುತ್ತವೆ. ಇವೂ ಹದಿಮೂರು ಅಂಕಿಗಳವು. ಇವುಗಳ ಗುಣಲಬ್ಧವೂ ಅದೇ. ತನ್ನನ್ನು ಹೆತ್ತ ಜೋಡಿ ಯಾವುದೆಂಬುದು ಸಂಖ್ಯೆಗೆ ನೆನಪಿಲ್ಲ. ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದ್ದರೆ ಮಾತ್ರ ಜೋಡಿ ಒಂದೇ ಆಗಿರುತ್ತಿತ್ತು. ಆಗಲೂ ಅದನ್ನು ಹುಡುಕಿ ತೆಗೆಯುವುದು ಗುಣಿಸುವುದಕ್ಕಿಂತ ಬಹಳ ಕಷ್ಟ. ಇಪ್ಪತ್ತಾರು ಅಂಕಿಗಳಾದರೆ ಇಂದಿನ ಗಣಕಯಂತ್ರಕ್ಕೆ ಅದು ಆಟ. ಆದರೆ ಇನ್ನೂರೈವತ್ತು ಅಂಕಿಗಳ ಅಂತಹ ಒಂದು ಸಂಖ್ಯೆಯನ್ನು ಒಡೆಯುವುದು ೨೦೨೦ರಲ್ಲಿ, ಅನೇಕ ಗಣಕಯಂತ್ರಗಳ ದುಡಿಮೆಯಿಂದ ಸಾಧ್ಯವಾಯಿತು. ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಈ ಅಸಮತೆಯ ಮೇಲೆಯೇ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ೧೯೭೭ರಲ್ಲಿ ಗುಪ್ತಲಿಪಿಯೊಂದನ್ನು ಕಟ್ಟಿದರು.

ನಮ್ಮ ಜೇಬಿನಲ್ಲಿಯೂ ಇದೆ

ಈ ಪರೀಕ್ಷೆಗಳು ಬರಿಯ ವಿನೋದವಲ್ಲ. ೨೦೦೬ರವರೆಗೆ ಅಚ್ಚಾದ ಪುಸ್ತಕಗಳ ಮೇಲೆ ಕಾಣುವ ಹತ್ತು ಸ್ಥಾನಗಳ ಅಂತರರಾಷ್ಟ್ರೀಯ ಸಂಖ್ಯೆಯ ಕೊನೆಯ ಅಂಕಿಯನ್ನು ಹನ್ನೊಂದರ ಶೇಷದಿಂದಲೇ ನಿರ್ಧರಿಸುತ್ತಿದ್ದರು. ನಮ್ಮ ಆಧಾರ್ ಚೀಟಿಯ ಹನ್ನೆರಡು ಅಂಕಿಗಳಲ್ಲಿ ಕೊನೆಯದು ಉಳಿದ ಹನ್ನೊಂದಕ್ಕೆ ಕಾವಲುಗಾರ. ಅದನ್ನು ಲೆಕ್ಕಹಾಕುವ ವಿಧಾನ ಬೇರೆ. ಡಚ್ ಗಣಿತಜ್ಞ ವೆರ್ಹೂಫ್ ರೂಪಿಸಿದುದು. ಆದರೆ ಉದ್ದೇಶ ಒಂದೇ: ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿಗಳು ಹಿಂದುಮುಂದಾದರೂ ಯಂತ್ರಕ್ಕೆ ಕೂಡಲೇ ತಿಳಿಯಬೇಕು. ನಾವು ಕಪ್ಪು ಹಲಗೆಯ ಮೇಲೆ ಮಾಡಿದ ತಪ್ಪನ್ನೇ ಯಾರೋ ಒಬ್ಬರು ಪಡಿತರದ ಅಥವಾ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮಾಡಿದರೆ, ಒಬ್ಬರಿಗೆ ಸಲ್ಲಬೇಕಾದುದು ಇನ್ನೊಬ್ಬರ ಹೆಸರಿಗೆ ಹೋಗದಂತೆ ತಡೆಯಲು ನಿಂತಿರುವುದು ಆ ಒಂದು ಅಂಕಿ.

ಈ ಲೇಖನವೂ ಅಚ್ಚಾಗುವ ವಸ್ತುವೇ. ಇದರಲ್ಲಿಯೂ ಎಲ್ಲಿಯಾದರೂ ಒಂದು ಅಂಕಿ ಜಾರಿರಬಾರದೆಂದೇನೂ ಇಲ್ಲ. ಆದುದರಿಂದ ವಾಚಕರು ಮೇಲಿನ ಇಪ್ಪತ್ತಾರು ಅಂಕಿಗಳನ್ನು ತಮ್ಮ ಕಾಗದದ ಮೇಲೆ ಬರೆದುಕೊಂಡು, ಮೊದಲು ಒಂದು ಬಿಟ್ಟು ಒಂದರಂತೆ ಕೂಡಿ ನೋಡಬೇಕೆಂದು ಕೋರುತ್ತೇವೆ. ಎರಡು ಕಡೆಯೂ ೬೯ ಬರಬೇಕು.